ತಳದಲ್ಲಿ ಹೆಸರಿಲ್ಲದ ಟೀ ಸೆಟ್ಟು

ಮರಾಮತ್ತು ಇಲಾಖೆಯ ಓವರ್‌ಸಿಯರ್ ರಾಮಾಂಜಿನಪ್ಪ ದೊಡ್ಡಬಳ್ಳಾಪುರಕ್ಕೆ ಬಂದು ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ಅವನು ಕಟ್ಟಿಸಿದ ಮೋರಿಗಳನ್ನಾಗಲಿ, ದುರಸ್ತಿ ಮಾಡಿಸಿದ ಕೆರೆಕೋಡಿಗಳನ್ನಾಗಲಿ ಮೇಲಿನವರು ಯಾರೂ ನಿಂತು ನೋಡಿದವರಲ್ಲ. ನಿಂತು ನೋಡಿ, ಮೆಚ್ಚಿ, ಬೆನ್ನು ಹತ್ತಿ ಕೇಳಿದ್ದು ಒಂದನ್ನೇ: ಟ್ರಾವೆಲರ್ಸ್ ಬಂಗಲೆಯ ಟೀ ಕೆಟಲನ್ನು.

ಅದು ನಲವತ್ತಮೂರನೇ ಇಸವಿಯ ಕಾರ್ತಿಕ. ಘಾಟಿ ರಸ್ತೆಯಲ್ಲಿ ತೂಬಗೆರೆಯ ಹತ್ತಿರ ಒಂದು ಮೋರಿ ಮಳೆಗೆ ಕುಸಿದಿತ್ತು. ಪುಷ್ಯದಲ್ಲಿ ಘಾಟಿಯ ದನದ ಜಾತ್ರೆಗೆ ಗಾಡಿಗಳು ಓಡಾಡುವ ಮುಂಚೆ ಅದನ್ನು ಮುಗಿಸಬೇಕಿತ್ತು. ಸಿಮೆಂಟು ಯುದ್ಧಕ್ಕೆ ಹೋಗುತ್ತಿದ್ದ ಕಾಲ. ಗಾರೆ ಅರೆಸಿ, ಇಟ್ಟಿಗೆ ಹೊಂದಿಸಿ, ಆಳುಗಳನ್ನು ಕಾದು ರಾಮಾಂಜಿನಪ್ಪನ ಕಾಲು ಸವೆದಿದ್ದವು. ಅಂಥದರಲ್ಲಿ ಇಂಜಿನಿಯರ್ ಸಾಹೇಬರು ತನಿಖೆಗೆ ಬಂದರು. ನಕ್ಷೆ ತೆರೆದಿಟ್ಟುಕೊಂಡು ಬಂಗಲೆಯ ಜಗಲಿಯಲ್ಲಿ ಕಾಯುತ್ತಿದ್ದ ರಾಮಾಂಜಿನಪ್ಪನ ಕಡೆ ಅವರು ನೋಡಲೇ ಇಲ್ಲ. ತಾವೊಬ್ಬರೇ ಟೀ ಬಗ್ಗಿಸಿಕೊಂಡು ಕುಡಿದು ಮುಗಿಸಿ, ಖಾಲಿ ಕಪ್ಪನ್ನು ಬೋರಲು ಹಾಕಿ ತಳ ನೋಡಿದರು. ಕೆಟಲನ್ನೂ ಎತ್ತಿ ನೋಡಿದರು. ಎಲ್ಲಿಯೂ ಒಂದಕ್ಷರವಿರಲಿಲ್ಲ.

"ಏನ್ರೀ ರಾಮಾಂಜಿನಪ್ಪ, ಇದನ್ನ ಮಾಡಿದೋರು ಯಾರು?"

"ಸ್ವಾಮಿ, ಮೋರಿ ಕಂಟ್ರಾಕ್ಟು..."

"ಮೋರಿ ಅಲ್ರೀ. ಈ ಸೆಟ್ಟು. ಬಹಳ ಚೆನ್ನಾಗಿದೆ. ನಂಗೆ ಇಂಥದ್ದೇ ಇನ್ನೊಂದು ಬೇಕು. ಯಾವ ಕಂಪನಿ, ಯಾವ ದೇಶ, ಎಲ್ಲಾ ಪತ್ತೆ ಮಾಡಿ. ಮುಂದಿನ ತಿಂಗಳು ಬಂದಾಗ ಹೇಳ್ಬೇಕು."

ಹಾಗೆಂದು ಕಾರು ಹತ್ತಿ ಹೋದರು. ನಕ್ಷೆ ತೆರೆದಂತೆಯೇ ಉಳಿಯಿತು.

ಸೆಟ್ಟು ಚೆನ್ನಾಗಿದ್ದದ್ದೇನೋ ನಿಜ. ನವಿಲಿನ ಕುತ್ತಿಗೆಯ ಬಣ್ಣದ ಮೆರುಗು, ಗುಂಡಗಿನ ಕೆಟಲು, ಒಂದು ಹಾಲಿನ ಜಗ್ಗು, ಆರು ಕಪ್ಪು. ಆದರೆ ಕೆಟಲಿನ ಹಿಡಿ ಮೂತಿಗೆ ಎದುರಾಗಿ ಇರಬೇಕಾದ ಜಾಗದಲ್ಲಿರಲಿಲ್ಲ. ಬಾಣಲೆಯ ಹಿಡಿಯ ಹಾಗೆ ಪಕ್ಕದಿಂದ ನೆಟ್ಟಗೆ ಹೊರಟಿತ್ತು. ಜಗ್ಗಿನದೂ ಹಾಗೆಯೇ.

ಬಂಗಲೆ ನೋಡಿಕೊಳ್ಳುತ್ತಿದ್ದ ಮೇಟಿ ಪಿಳ್ಳಪ್ಪ ಮುಖ ಸಿಂಡರಿಸಿದ. "ಉಗ್ರಾಣದ ಪೆಟ್ಟಿಗೇಲಿ ಬಿದ್ದಿತ್ತು ಸ್ವಾಮಿ. ನಾನು ಕೆಲ್ಸಕ್ಕೆ ಬರೋಕ್ಕಿಂತ ಮುಂಚಿನದು. ಬಿಳೀ ಸೆಟ್ಟಿನ ಮೂತಿ ಮುರೀತು ಅಂತ ಇದನ್ನ ತೆಗ್ದೆ. ಬಗ್ಗಿಸೋಕೇ ಬರಲ್ಲ ಇದು, ಮುಂಗೈ ಮೇಲೇ ಸುರ್ಕೊಳ್ಳುತ್ತೆ. ಸಾಹೇಬ್ರು ಏನ್ ಕಂಡು ಮೆಚ್ಚಿದ್ರೋ!"

"ಯಾರು ತಂದಿದ್ದು ಅಂತ ಏನಾದ್ರೂ ಗೊತ್ತಾ?"

"ದೇವ್ರಿಗೇ ಗೊತ್ತು."

ದೇವರನ್ನು ಕೇಳುವ ಹಾಗಿರಲಿಲ್ಲವಾದ್ದರಿಂದ ರಾಮಾಂಜಿನಪ್ಪ ದೇವನಹಳ್ಳಿಯ ಮುನಿವೆಂಕಟಪ್ಪನನ್ನು ಕೇಳಲು ಹೊರಟ. ಮುನಿವೆಂಕಟಪ್ಪ ಬೆಂಗಳೂರು ದಂಡಿನಲ್ಲಿ ಯಾರೋ ಜನರಲ್ ಸಾಹೇಬರ ಹತ್ತಿರ ಮೂವತ್ತು ವರ್ಷ ಬಟ್ಲರ್ ಆಗಿದ್ದು ಈಗ ಮನೆಯಲ್ಲಿದ್ದ. ಪಿಂಗಾಣಿಯ ವಿಷಯದಲ್ಲಿ ತಾಲ್ಲೂಕಿಗೆಲ್ಲ ಅವನೇ ಪಂಡಿತ ಎಂದು ಪ್ರತೀತಿ. ಕೆಟಲನ್ನು, ಎರಡು ಕಪ್ಪನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ರಾಮಾಂಜಿನಪ್ಪ ಹದಿನಾಲ್ಕು ಮೈಲಿ ಸೈಕಲ್ ತುಳಿದ.

ಮುನಿವೆಂಕಟಪ್ಪ ಕಪ್ಪನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದ. ಕಣ್ಣು ಮುಚ್ಚಿದ.

"ಇಂಗ್ಲೆಂಡು," ಎಂದ.

"ಇಂಗ್ಲೆಂಡಿನಲ್ಲಿ ಯಾವ ಕಂಪನಿ?"

"ನಾದ ಕೇಳಿದ್ರಾ? ಇಂಗ್ಲೆಂಡಿಗೆ ಬಿಟ್ರೆ ಇನ್ಯಾರಿಗೂ ಈ ನಾದ ಬರಲ್ಲ."

"ಸರಿ, ಕಂಪನಿ?"

"ಕಂಪನಿ ತಗೊಂಡು ಏನ್ ಮಾಡ್ತೀರ ಸ್ವಾಮಿ? ಇಂಗ್ಲೆಂಡು ಅಂದ್ಮೇಲೆ ಮುಗೀತು. ಒಂದ್ಸಲ ನಮ್ಮ ಜನರಲ್ ಸಾಹೇಬ್ರ ಮನೇಲಿ ಡಿನ್ನರ್ ಇತ್ತು..."

ಆ ಡಿನ್ನರಿನಲ್ಲಿ ಹದಿನೆಂಟು ಜನ ಕೂತಿದ್ದರು. ಒಬ್ಬೊಬ್ಬರೂ ಏನು ತಿಂದರು, ಏನು ಬಿಟ್ಟರು ಎಂಬುದನ್ನು ಕೇಳಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ರಾಮಾಂಜಿನಪ್ಪ ಹದಿನಾಲ್ಕು ಮೈಲಿ ಎದುರುಗಾಳಿಯಲ್ಲಿ ತುಳಿದುಕೊಂಡು ಬಂದ. ಮಾರನೆಯ ದಿನ ಮೋರಿಯ ಹತ್ತಿರ ಹೋದರೆ ಮೇಸ್ತ್ರಿ ಇರಲಿಲ್ಲ. "ನೀವೇ ಬರ್ನಿಲ್ವಲ್ಲ, ಕೆಲ್ಸ ಇಲ್ಲ ಅನ್ಕೊಂಡ್ವಿ" ಎಂದರು ಆಳುಗಳು.

ಕಂಪನಿಯ ಹೆಸರಿಲ್ಲದೆ ಸಾಹೇಬರ ಮುಂದೆ ನಿಲ್ಲುವಂತಿರಲಿಲ್ಲ. ವಾರ ಬಿಟ್ಟು ಅವನು ಬೆಂಗಳೂರಿಗೆ ಬಸ್ಸು ಹತ್ತಿದ. ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು. ಯಲಹಂಕದ ಏರಿನಲ್ಲಿ ಎಲ್ಲರೂ ಇಳಿದು ತಳ್ಳಬೇಕಾಯಿತು. ಒಂದು ಕೈಯಲ್ಲಿ ಚೀಲ ಎತ್ತಿಹಿಡಿದು ಇನ್ನೊಂದು ಕೈಯಲ್ಲಿ ತಳ್ಳುತ್ತಿದ್ದವನನ್ನು ನೋಡಿ ಕಂಡಕ್ಟರು, "ಏನಪ್ಪಾ, ಅದರಲ್ಲೇನು ಮೊಟ್ಟೆ ಇದ್ಯಾ?" ಎಂದು ನಕ್ಕ.

ದಂಡಿನ ಪೇಟೆಯ ಪಿಂಗಾಣಿ ಅಂಗಡಿಯ ಮುದುಕ ಯಜಮಾನ ಕಪ್ಪನ್ನು ತಟ್ಟಲಿಲ್ಲ. ಕೆಟಲಿನ ಹಿಡಿಯನ್ನು ನೋಡಿದ. ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಟವೆಲನ್ನು ತಾನೇ ಮುಚ್ಚಿದ.

"ಎಲ್ಲಿ ಸಿಕ್ತು ನಿಮಗೆ ಇದು?" ಎಂದ ಮೆಲ್ಲಗೆ.

"ಸರ್ಕಾರಿ ಬಂಗಲೇಲಿ."

"ಜಪಾನಿಂದು. ಹಿಡಿ ಪಕ್ಕದಲ್ಲಿದ್ಯಲ್ಲ, ಅವರೇ ಹೀಗೆ ಮಾಡೋದು. ಮೊದ್ಲು ನಾನೇ ಪೆಟ್ಟಿಗೆಗಟ್ಟಲೆ ತರಿಸ್ತಿದ್ದೆ. ಈಗ ಆ ಹೆಸರು ಎತ್ತೋ ಹಾಗಿಲ್ಲ. ತಳದಲ್ಲಿ ಮುದ್ರೆ ಇಲ್ಲ ಅಂದ್ರೆ ಏನರ್ಥ? ಬೇಕಂತಲೇ ಹಾಕಿಲ್ಲ. ತಗೊಂಡ್ಹೋಗಿ ಸ್ವಾಮಿ, ನೀವು ಬಂದಿದ್ದೂ ನಾನು ನೋಡಿಲ್ಲ."

ಜಪಾನಿನವರು ಬರ್ಮಾ ಹಿಡಿದು ಕೂತಿದ್ದರು. ಮದರಾಸಿನ ಮೇಲೆ ಬಾಂಬು ಬಿದ್ದು ಇನ್ನೂ ತಿಂಗಳಾಗಿತ್ತಷ್ಟೆ. ದಂಡಿನ ಬೀದಿಗಳಲ್ಲಿ ಎಲ್ಲಿ ನೋಡಿದರೂ ಗೋರಾ ಸಿಪಾಯಿಗಳು. ರಾಮಾಂಜಿನಪ್ಪನಿಗೆ ಚೀಲ ಇದ್ದಕ್ಕಿದ್ದಂತೆ ಭಾರವಾಯಿತು. ಎದುರಿಗೆ ಬಂದ ಪ್ರತಿ ಕಾಕಿ ಬಟ್ಟೆಯೂ ತನ್ನ ಚೀಲವನ್ನೇ ನೋಡುತ್ತಿದೆ ಅನ್ನಿಸಿತು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪೊಲೀಸಿನವನು ಬೀಡಿಗೆ ಬೆಂಕಿ ಕೇಳಲು ಹತ್ತಿರ ಬಂದ. ರಾಮಾಂಜಿನಪ್ಪ ಹಿಂದೆ ಹಿಂದೆ ಸರಿದಾಗ ಚೀಲ ಕಂಬಕ್ಕೆ ಬಡಿಯಿತು. ಒಳಗೆ ಟಕ್ ಎಂದಿತು.

ಮನೆಗೆ ಬಂದು ಬಿಚ್ಚಿ ನೋಡಿದರೆ ಒಂದು ಕಪ್ಪು ಎರಡು ಹೋಳಾಗಿತ್ತು. ಅವನು ತಲೆಯ ಮೇಲೆ ಕೈ ಹೊತ್ತು ಕೂತ.

"ನನ್ನ ಕರ್ಮ! ಒಬ್ಬ ಇಂಗ್ಲೆಂಡು ಅಂತಾನೆ, ಒಬ್ಬ ಜಪಾನು ಅಂತಾನೆ. ಮಾಡಿದ ಬಡ್ಡೀಮಗ ತಳದಲ್ಲಿ ಒಂದು ಹೆಸರು ಗೀಚಿದ್ರೆ ಅವನ ಗಂಟೇನು ಹೋಗ್ತಿತ್ತು? ಮೋರಿ ಅಲ್ಲಿ ಬಾಯಿ ಬಿಟ್ಕೊಂಡು ಬಿದ್ದಿದೆ. ನಾನು ಇಲ್ಲಿ ಟೀ ಕಪ್ಪು ಹೊತ್ಕೊಂಡು ಊರೂರು ಅಲೀತಿದೀನಿ!"

ಹೆಂಡತಿ ಅಮ್ಮಯಮ್ಮ ಹೋಳುಗಳನ್ನು ಆರಿಸುತ್ತ, "ಅದ್ಯಾಕೆ ಹಂಗೆ ಕೂಗಾಡ್ತೀರಿ? ಇದೇನ್ರೀ ಇದು, ಒಳಗೆಲ್ಲಾ ನಮ್ಮನೆ ಹೆಂಚಿನಂಗೆ ಕೆಂಪಗಿದೆ," ಎಂದಳು.

ರಾಮಾಂಜಿನಪ್ಪ ಕೈ ಚಾಚಿ ಹೋಳನ್ನು ಇಸಿದುಕೊಂಡ. ಮೆರುಗಿನ ಕೆಳಗೆ ಕೆಂಪು ಮಣ್ಣು. ಬೆಳಕಿಗೆ ಹಿಡಿದರೆ ಅದರಲ್ಲಿ ಕಾಗೆಬಂಗಾರದ ಸಣ್ಣ ಸಣ್ಣ ಹೊಳಪು. ಪಿಂಗಾಣಿಯ ವಿಷಯ ಅವನಿಗೆ ಏನೂ ತಿಳಿಯದಿರಬಹುದು, ಇಟ್ಟಿಗೆ ತಿಳಿಯದೇ? ಇಪ್ಪತ್ತು ವರ್ಷದಿಂದ ಅವನು ಇಟ್ಟಿಗೆ ಮುರಿದು ನೋಡಿ ಒಪ್ಪುತ್ತಿದ್ದ, ಇಲ್ಲವೇ ತಿರಸ್ಕರಿಸುತ್ತಿದ್ದ. ದೊಡ್ಡಬೆಳವಂಗಲದ ಇಟ್ಟಿಗೆ ಮುರಿದರೆ ಹಳದಿ, ಮರಳು ಮರಳು. ಈ ಬಣ್ಣ, ಈ ಹೊಳಪು ಇರುವುದು ತೂಬಗೆರೆ ಕೆರೆಯ ಮಣ್ಣಿಗೆ ಮಾತ್ರ. ಹೋದ ವಾರ ತಾನೇ ನಿಂತು ಇಳಿಸಿಕೊಂಡ ಎರಡು ಗಾಡಿ ಇಟ್ಟಿಗೆಯೂ ಇದೇ ಮಣ್ಣಿನದು.

"ಥೂ," ಎಂದ. ಸಂತೋಷಕ್ಕಿಂತ ಹೆಚ್ಚಾಗಿ ಅವನಿಗೆ ಸಿಟ್ಟೇ ಬಂತು. ಜಪಾನಿಗೆ ಹೆದರಿ ಕಪ್ಪು ಒಡೆದುಕೊಂಡದ್ದಾಯಿತಲ್ಲ!

ಮಾರನೆಯ ಬೆಳಿಗ್ಗೆ ತೂಬಗೆರೆಯ ಕುಂಬಾರ ಬೈಲಪ್ಪನ ಮನೆಯ ಮುಂದೆ ಸೈಕಲ್ ನಿಲ್ಲಿಸಿದ. ಅಂಗಳದಲ್ಲಿ ಬೈಲಪ್ಪ ತಿಗರಿಯ ಮುಂದೆ ಕೂತಿದ್ದ. ಸ್ವಲ್ಪ ದೂರದಲ್ಲಿ ಅವನ ತಂಗಿ ಸಪ್ಪಲಮ್ಮ ಹಸಿ ಗಡಿಗೆಗಳನ್ನು ಸೊಳಗವೆಂಬ ಮರದ ಹಲಗೆಯಿಂದ ತಟ್ಟಿ ಅಗಲ ಮಾಡುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು. ಗಂಡ ಬೇಗ ತೀರಿಹೋಗಿ ಅಣ್ಣನ ಮನೆ ಸೇರಿದ್ದವಳು.

ಬೈಲಪ್ಪ ಹೋಳಿನ ಒಡೆದ ಅಂಚನ್ನು ನಾಲಿಗೆಗೆ ತಾಗಿಸಿ ನೋಡಿದ.

"ನಮ್ಮ ಕೆರೆ ಮಣ್ಣೇ ಸ್ವಾಮಿ. ಅನುಮಾನವೇ ಬೇಡ. ಮೇಲಿನ ಬಣ್ಣ ಗೊತ್ತಿಲ್ಲ, ಮಣ್ಣು ನಮ್ದೇ."

"ಅಬ್ಬಾ! ಸದ್ಯ. ಮಾಡಿದೋರು ಯಾರು?"

ಬೈಲಪ್ಪ ಇನ್ನೊಂದು ಕಪ್ಪನ್ನು ತೆಗೆದುಕೊಂಡು ಒಳಗೆ ಇಣುಕಿದ. ಬೆರಳು ಹಾಕಿ ತಳವನ್ನು ಸವರಿದ. ಅವನ ಮುಖ ಬದಲಾಯಿತು. ಕಪ್ಪನ್ನು ಕೆಳಗಿಟ್ಟು ತಿಗರಿಯ ಕಡೆ ತಿರುಗಿ, "ಗೊತ್ತಿಲ್ಲ," ಎಂದ.

"ಗೊತ್ತಿಲ್ಲ ಅಂದ್ರೆ? ಇಷ್ಟು ಹೊತ್ತು ನಮ್ದೇ ನಮ್ದೇ ಅಂತಿದ್ದೆ!"

"ಮಣ್ಣು ನಮ್ದು ಅಂದೆ. ಮಾಡಿದೋರು ಯಾರೋ."

"ಈ ಊರಲ್ಲಿ ಕುಂಬಾರ್ರ ಮನೆ ಎಷ್ಟು?"

"ನಾಲ್ಕು."

"ನಾಲ್ಕರಲ್ಲಿ ಯಾರು?"

"ಗೊತ್ತಿಲ್ಲ ಸ್ವಾಮಿ. ಕೆಲ್ಸ ಐತೆ ನಂಗೆ."

ರಾಮಾಂಜಿನಪ್ಪನ ತಾಳ್ಮೆ ಅಲ್ಲಿಗೆ ಹರಿಯಿತು. "ನಿನಗೊಬ್ಬನಿಗೇ ಏನಯ್ಯಾ ಕೆಲ್ಸ ಇರೋದು? ನಂಗಿಲ್ವಾ? ದೇವನಹಳ್ಳಿಗೆ ಹೋಗಿ ಯಾರೋ ತಿಂದ ಊಟದ ಕಥೆ ಕೇಳ್ದೆ. ಬೆಂಗಳೂರಿಗೆ ಹೋಗಿ ಬಸ್ ತಳ್ದೆ. ಕಳ್ಳನ ಹಾಗೆ ಪೊಲೀಸ್ನೋರ ಕಣ್ಣು ತಪ್ಪಿಸ್ಕೊಂಡು ಬಂದೆ. ಎಲ್ರಿಗೂ ಎಲ್ಲಾ ಗೊತ್ತು, ನಾನು ಕೇಳಿದ್ದೊಂದು ಯಾರಿಗೂ ಗೊತ್ತಿಲ್ಲ! ಮಾಡಿದೋನ್ನ ಏನು ಗಲ್ಲಿಗೆ ಹಾಕ್ತೀನಾ ನಾನು? ಸಾಹೇಬ್ರಿಗೆ ಇಷ್ಟ ಆಯ್ತು ಮಾರಾಯ! ಇಷ್ಟ ಆಗಿದ್ದಕ್ಕೆ ಹುಡುಕ್ತಿರೋದು!"

ಸೊಳಗದ ಸದ್ದು ನಿಂತಿತ್ತು. ಸಪ್ಪಲಮ್ಮ ಎದ್ದು ಬಂದು ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಚೀಲದಿಂದ ಕೆಟಲನ್ನು ತೆಗೆದಳು. ಎಡಗೈಯಲ್ಲಿ ಹಿಡಿ ಹಿಡಿದಳು. ಹಿಡಿದ ಕೂಡಲೇ ಮೂತಿ ನೆಟ್ಟಗೆ ಮುಂದಕ್ಕೆ ಬಂತು, ಕೈಯ ಮುಂದುವರಿಕೆಯೇ ಅನ್ನುವ ಹಾಗೆ.

"ಇದು ಇನ್ನೂ ಐತಾ?" ಎಂದಳು. "ಒಡ್ದಾಕಿರ್ತಾರೆ ಅನ್ಕೊಂಡಿದ್ದೆ."

"ಸಪ್ಪಲೂ, ಸುಮ್ಕಿರು," ಎಂದ ಬೈಲಪ್ಪ.

"ಯಾಕಣ್ಣ ಸುಮ್ಕಿರ್ಲಿ? ಇಷ್ಟ ಆಯ್ತಂತಲ್ಲ. ನಂದೇ ಸ್ವಾಮಿ ಇದು. ನಾನೇ ಮಾಡಿದ್ದು."

ರಾಮಾಂಜಿನಪ್ಪ ಅಲ್ಲೇ ಒಂದು ಗಡಿಗೆಯ ಮೇಲೆ ಕೂರಲು ಹೋಗಿ, ಅದು ಹಸಿ ಎಂದು ನೆನಪಾಗಿ, ನೆಲದ ಮೇಲೆ ಕೂತ.

ಅವಳು ಹೇಳಿದ್ದು ಇಷ್ಟು. ಇಪ್ಪತ್ತು ವರ್ಷದ ಹಿಂದೆ ದೇವನಹಳ್ಳಿ ರಸ್ತೆಯಲ್ಲಿ ಒಬ್ಬ ಬಿಳಿಯ ದೊರೆಸಾನಿ ಗಂಡನಿಲ್ಲದ ಹೆಂಗಸರಿಗೆಂದು ಮಡಿಕೆಯ ಶಾಲೆ ಇಟ್ಟಿದ್ದಳು. ಕುಂಬಾರರಲ್ಲಿ ಹೆಂಗಸರು ತಿಗರಿಯ ಮುಂದೆ ಕೂರುವುದಿಲ್ಲ. ಮುಟ್ಟಿದರೆ ಕೇಡು ಎನ್ನುತ್ತಾರೆ. ದೊರೆಸಾನಿಗೆ ಅದು ಲೆಕ್ಕಕ್ಕಿರಲಿಲ್ಲ. ಸಪ್ಪಲಮ್ಮ ಮೂರು ವರ್ಷ ಅಲ್ಲಿದ್ದು ತಿಗರಿ ಕಲಿತಳು. ಇಲ್ಲಿಂದಲೇ ಗಾಡಿಯಲ್ಲಿ ಮಣ್ಣು ಹೋಗುತ್ತಿತ್ತು, ಮೆರುಗಿನ ಪುಡಿ ಮದರಾಸಿನಿಂದ ಬರುತ್ತಿತ್ತು. ದೊರೆಸಾನಿಯ ಹತ್ತಿರ ಜಪಾನಿನಿಂದ ತಂದ ಒಂದು ಕೆಟಲಿತ್ತು. ಅದನ್ನು ನೋಡಿಕೊಂಡು ಹಾಗೆಯೇ ಮಾಡಿ ಎಂದಳು. ಎಲ್ಲರೂ ಮಾಡಿದರು.

"ನಂದು ಎಡಗೈ ಸ್ವಾಮಿ. ತಿಗರೀನೂ ಎಡಕ್ಕೇ ಸುತ್ತಿಸ್ತಿದ್ದೆ. ನಮ್ಮಣ್ಣ ಕಪ್ಪಿನ ಒಳಗೆ ನೋಡಿದ್ದು ಅದನ್ನೇ. ತಳದಲ್ಲಿ ಬೆರಳಿನ ಸುಳಿ ತಿರುಗಾಮುರುಗಾ ಐತೆ. ನನ್ನ ಕೈಗೆ ಹಿಡಿ ಹೆಂಗೆ ಬಂತೋ ಹಂಗೆ ಕೂರಿಸ್ದೆ. ನೋಡಿದ್ರೆ ಎಲ್ಲರ ಹಿಡೀನೂ ಬಲಗಡೆ, ನಂದೊಂದು ಎಡಗಡೆ. ದೊರೆಸಾನಿ ಎಲ್ಲರ ಪಾತ್ರೆ ತಳಕ್ಕೂ ಗುಬ್ಬಚ್ಚಿ ಮುದ್ರೆ ಒತ್ತೋಳು. ನಂದಕ್ಕೆ ಒತ್ಲಿಲ್ಲ. ಮುದ್ರೆ ಸರಿಯಾಗಿರೋದಕ್ಕೆ ಮಾತ್ರ ಅಂದ್ಲು."

"ಆಮೇಲೆ?"

"ಆಮೇಲೇನು? ಆಯಮ್ಮ ಊರಿಗೆ ಹೋದ್ಲು, ಶಾಲೆ ಮುಚ್ತು. ಉಳಿದಿದ್ದನ್ನ ಯಾರ್ಯಾರಿಗೋ ಕೊಟ್ರು. ನಾನು ಇಲ್ಲಿಗೆ ಬಂದೆ. ಇಲ್ಲಿ ತಿಗರಿ ಮುಟ್ಟೋ ಹಾಗಿಲ್ಲ."

ಬೈಲಪ್ಪ ತಲೆ ತಗ್ಗಿಸಿಕೊಂಡು ಮಣ್ಣು ನಾದುತ್ತಿದ್ದ. ನಾದಿದ ಮಣ್ಣನ್ನೇ ಮತ್ತೆ ಮತ್ತೆ ನಾದುತ್ತಿದ್ದ.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮಯಮ್ಮ, "ಸಾಹೇಬ್ರಿಗೆ ಇಂಗ್ಲೆಂಡು ಅಂತ ಹೇಳ್ಬಿಡಿ. ಯುದ್ಧ ಮುಗಿಯೋವರ್ಗೂ ಅಲ್ಲಿಂದ ಏನೂ ಬರಲ್ಲ, ಅವ್ರೂ ಮರೀತಾರೆ. ತೂಬಗೆರೆ ಕುಂಬಾರ್ತಿ ಮಾಡಿದ್ದು ಅಂದ್ರೆ ಮೂಗು ಮುರೀತಾರೆ ಅಷ್ಟೇ," ಎಂದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸಾಹೇಬರ ಬೂಟು, ಪೆನ್ನು, ಬಿಸ್ಕತ್ತು ಎಲ್ಲವೂ ವಿಲಾಯಿತಿಯವೇ. ಇಂಗ್ಲೆಂಡು ಎಂದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ರಾಮಾಂಜಿನಪ್ಪ ಹಾಗೇ ಹೇಳುವುದೆಂದು ಗಟ್ಟಿ ಮಾಡಿಕೊಂಡು ಮಲಗಿದ.

ಅಂತೂ ಮೋರಿ ಮುಗಿಯುವ ಹೊತ್ತಿಗೆ ಸಾಹೇಬರು ಬಂದರು. ಜಗಲಿಯಲ್ಲಿ ಕೂತು, "ಏನಾಯ್ತ್ರೀ, ಕಂಪನಿ ಸಿಕ್ತಾ?" ಎಂದರು. ಮೋರಿಯ ಮಾತಿಲ್ಲ.

ಇಂಗ್ಲೆಂಡು ಎನ್ನುವ ಮಾತು ರಾಮಾಂಜಿನಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ಅಲೆದು, ಇಷ್ಟು ಅನ್ನಿಸಿಕೊಂಡು ಕಂಡುಹಿಡಿದದ್ದನ್ನು ಆ ಡಿನ್ನರ್ ಕಥೆಯ ಬಟ್ಲರನ ಬಾಯಿಗೆ ಬಿಟ್ಟುಕೊಡಲು ಅವನ ಮನಸ್ಸು ಒಪ್ಪಲಿಲ್ಲ.

"ಕಂಪನಿ ಇಲ್ಲ ಸ್ವಾಮಿ. ತೂಬಗೆರೆ ಸಪ್ಪಲಮ್ಮ ಅಂತ ಒಬ್ಬ ಹೆಂಗಸು. ನಮ್ಮ ಮೋರಿ ಇಟ್ಟಿಗೆ ಮಣ್ಣೇ. ತಪ್ಪಾಗಿದೆ ಅಂತ ಮುದ್ರೆ ಹಾಕಿರಲಿಲ್ಲ. ಆಕೇದು ಎಡಗೈ, ಅದಕ್ಕೇ ಹಿಡಿ ಆ ಕಡೆ ಬಂದಿದೆ. ಸೇರಲ್ಲ ಅಂದ್ರೆ ಬೇರೆ ಸೆಟ್ಟು ತರಿಸ್ತೀನಿ."

ಸಾಹೇಬರು ಕಪ್ಪನ್ನು ಹತ್ತಿರಕ್ಕೆ ಎಳೆದುಕೊಂಡರು. ಪಿಳ್ಳಪ್ಪ ತಂದಿಟ್ಟ ಕೆಟಲನ್ನು ನೋಡುತ್ತ ಕೂತರು. ಆಮೇಲೆ ಅದನ್ನು ಎಡಗೈಯಲ್ಲಿ ಎತ್ತಿ, ಒಂದು ತೊಟ್ಟೂ ಚೆಲ್ಲದೆ ಕಪ್ಪಿಗೆ ಬಗ್ಗಿಸಿದರು. ಪಿಳ್ಳಪ್ಪ ಬಾಯಿ ತೆರೆದು ನಿಂತ.

"ಎಡಗೈ," ಎಂದರು ಸಾಹೇಬರು. "ಅದಕ್ಕೆ! ನಂಗೆ ತೋಚಲೇ ಇಲ್ಲ ನೋಡಿ." ಕೆಟಲನ್ನು ಕೆಳಗಿಟ್ಟು, ಇಲಾಖೆಯಲ್ಲಿ ಯಾರೂ ಕೇಳಿರದ ದನಿಯಲ್ಲಿ ಹೇಳಿದರು: "ಆರು ವರ್ಷದವನಿದ್ದಾಗ ನಮ್ಮಪ್ಪ ಈ ಕೈನ ಬೆನ್ನಿಗೆ ಕಟ್ಟಿ ಊಟಕ್ಕೆ ಕೂರಿಸ್ತಿದ್ರು. ಮೇಷ್ಟ್ರು ಗೆಣ್ಣಿನ ಮೇಲೆ ಹೊಡೀತಿದ್ರು. ಬರೆಯೋದು, ಉಣ್ಣೋದು ಎಲ್ಲಾ ಬಲಗೈಗೆ ಬಂತು. ಒಬ್ಬನೇ ಇದ್ದಾಗ ಮಾತ್ರ ಇದು ತಾನಾಗೇ ಮುಂದೆ ಬರುತ್ತೆ. ನಡೀರಿ, ಎಲ್ಲಿದೆ ಆಕೆ ಮನೆ?"

"ಸ್ವಾಮಿ, ಮೋರಿ..."

"ದಾರೀಲೇ ಇದ್ಯಲ್ಲ, ನೋಡೋಣ."

ಮೋರಿಯನ್ನು ಅವರು ಕಾರಿನಿಂದ ಇಳಿಯದೆಯೇ ನೋಡಿದರು. "ಆಗಿದ್ಯಲ್ಲ," ಎಂದರು. ಅಷ್ಟೇ.

ಕಾರು ಬಂದದ್ದಕ್ಕೆ ಅರ್ಧ ತೂಬಗೆರೆ ಬೈಲಪ್ಪನ ಅಂಗಳದಲ್ಲಿ ಸೇರಿತ್ತು. ಇನ್ನೊಂದು ಸೆಟ್ಟು ಬೇಕು ಎಂದಾಗ ಬೈಲಪ್ಪ ಕೈ ಮುಗಿದ. "ನಾನು ಮಾಡ್ಕೊಡ್ತೀನಿ ಬುದ್ಧಿ. ಹೆಣ್ಣುಮಗಳು ತಿಗರಿ ಮುಟ್ಟಬಾರ್ದು, ಕುಲದೋರು ಒಪ್ಪಲ್ಲ."

"ನಿಂಗೆ ಎಡಕ್ಕೆ ಸುತ್ತಿಸೋಕೆ ಬರುತ್ತಾ?" ಎಂದರು ಸಾಹೇಬರು.

ಬೈಲಪ್ಪ ಪ್ರಯತ್ನಿಸಿದ. ಊರವರೆಲ್ಲ ನೋಡುತ್ತಿದ್ದಂತೆ ತಿಗರಿಯನ್ನು ಎಡಕ್ಕೆ ಬೀಸಿದ. ಮಣ್ಣಿನ ಮುದ್ದೆ ಮಗ್ಗುಲಿಗೆ ಜಾರಿ ಸಾಹೇಬರ ಬೂಟಿನ ಹತ್ತಿರ ಬಿತ್ತು. ಮತ್ತೆ ಬೀಸಿದ, ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಹಿಂದಿನಿಂದ ಯಾರೋ ನಕ್ಕರು. ಸಪ್ಪಲಮ್ಮ ನಗಲಿಲ್ಲ.

"ಏಳಣ್ಣ," ಎಂದಳು. "ನಿನ್ನ ಕೈ ಅದಕ್ಕೆ ಬರಲ್ಲ."

ಅವನು ಎದ್ದ. ಕೋಪವೋ ನಾಚಿಕೆಯೋ, ಹಿಂದೆ ತಿರುಗಿ ನೋಡದೆ ಒಳಗೆ ಹೋದ. ಅವಳು ಕೂತಳು. ಮೊದಲ ಮಣ್ಣು ಅವಳಿಗೂ ಜಾರಿತು. ಎರಡನೆಯದು ನಿಂತಿತು. ಬೆರಳಿನ ನಡುವೆ ಗೋಡೆ ಎದ್ದು ಬರುತ್ತಿದ್ದಂತೆ ಅವಳ ಕೆಳತುಟಿ ನಡುಗುತ್ತಿದ್ದುದನ್ನು ರಾಮಾಂಜಿನಪ್ಪ ನೋಡಿದ. ನೋಡಬಾರದ್ದನ್ನು ನೋಡಿದಂತಾಗಿ ಬೇರೆ ಕಡೆ ತಿರುಗಿದ.

ಅಲ್ಲಿಂದಾಚೆಗೆ ಅವನ ಅಲೆದಾಟ ಇನ್ನೂ ಹೆಚ್ಚಿತು. ಮೊದಲ ಆವಿಗೆಯ ಬೆಂಕಿಯಲ್ಲಿ ಕೆಟಲು ಸೀಳಿತು. ಎರಡನೆಯದರಲ್ಲಿ ಮೂತಿ ಬಿದ್ದುಹೋಯಿತು. ಪ್ರತಿ ಸಲ "ಆಯ್ತಾ?" ಎಂದು ಸಾಹೇಬರಿಂದ ಕಾಗದ. ಪ್ರತಿ ಸಲ "ಆತುರ ಪಟ್ರೆ ಮಣ್ಣು ಕೇಳ್ತದಾ?" ಎಂದು ಸಪ್ಪಲಮ್ಮನಿಂದ ಬೈಗುಳ. ನವಿಲು ಬಣ್ಣದ ಮೆರುಗಿನ ಪುಡಿ ಯುದ್ಧ ಮುಗಿಯುವ ತನಕ ಸಿಗುವ ಹಾಗಿರಲಿಲ್ಲ. ಅವಳು ಹಸಿ ಮಣ್ಣನ್ನು ನುಣುಪು ಕಲ್ಲಿನಿಂದ ದಿನಗಟ್ಟಲೆ ಉಜ್ಜಿ ಹೊಳಪು ಬರಿಸಿದಳು. ಬೈಲಪ್ಪ ಎರಡು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದ. ಆದರೆ ಮೂರನೆಯ ಆವಿಗೆಗೆ ಬೆಂಕಿ ಹದ ಮಾಡಿದವನು ಅವನೇ.

ಅದರಲ್ಲಿ ಕೆಂಪಗಿನ ಒಂದು ಕೆಟಲು, ನಾಲ್ಕು ಕಪ್ಪು ನೆಟ್ಟಗೆ ಬಂದವು. ಅಷ್ಟರಲ್ಲಿ ಸಾಹೇಬರಿಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು. ರಾಮಾಂಜಿನಪ್ಪ ಹುಲ್ಲು ತುಂಬಿದ ಪೆಟ್ಟಿಗೆಯನ್ನು ರೈಲಿಗೆ ಹಾಕಿ, ಪೀಡೆ ತೊಲಗಿತೆಂದು ಸ್ನಾನ ಮಾಡಿದ.

ಹದಿನೈದು ದಿನಕ್ಕೆ ಕಾಗದ ಬಂತು. ಕೆಟಲು ಸ್ವಲ್ಪ ಒಸರುತ್ತದೆ, ಆದರೂ ಬಹಳ ಚೆನ್ನಾಗಿದೆ. ನನ್ನ ತಂಗಿಯ ಮಗಳೂ ಎಡಚಿ, ಅವಳನ್ನು ಯಾರೂ ಹೊಡೆಯಕೂಡದೆಂದು ಹೇಳಿದ್ದೇನೆ, ಅವಳಿಗೂ ಒಂದು ಬೇಕು ಎಂದು ಬರೆದಿದ್ದರು.

ರಾಮಾಂಜಿನಪ್ಪ ಕಾಗದವನ್ನು ಅಂಗಿಯ ಜೇಬಿಗೆ ತುರುಕಿ, ದಾರಿಯುದ್ದಕ್ಕೂ ಗೊಣಗುತ್ತ ತೂಬಗೆರೆಗೆ ಹೋದ. ಸಪ್ಪಲಮ್ಮ ತಿಗರಿಯ ಮುಂದೆ ಕೂತಿದ್ದಳು. ಓದಿ ಹೇಳಿದ್ದನ್ನೆಲ್ಲ ಕೇಳಿದಳು.

"ಆ ಹುಡುಗಿ ಎಷ್ಟು ದೊಡ್ಡವಳು?"

"ಯಾವ ಹುಡುಗಿ?"

"ಅದೇ, ತಂಗಿ ಮಗಳು. ಕೈ ಎಷ್ಟಗಲ ಅಂತ ಗೊತ್ತಾಗ್ಬೇಕಲ್ಲ, ಹಿಡಿ ಕೂರಿಸೋಕೆ."

"ಕಾಗದದಲ್ಲಿ ಬರೆದಿಲ್ಲ."

"ಹಂಗಾದ್ರೆ ಕೇಳಿ ಬರೀರಿ. ಅಂಗೈನ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸ್ಲಿ. ಎಡಗೈ, ಮತ್ತೆ. ಬಲಗೈ ಕಳಿಸಿಬಿಟ್ಟಾರು."

ರಾಮಾಂಜಿನಪ್ಪ ಸೈಕಲ್ಲನ್ನು ತಿರುಗಿಸಿ ನಿಂತು, ಒಂದು ಸಲ ಉಸಿರು ಬಿಟ್ಟು, ಇಲ್ಲಿಗೆ ಹತ್ತಿರದಲ್ಲಿ ಅಂಚೆ ಕಾರ್ಡು ಎಲ್ಲಿ ಸಿಗುತ್ತದೆ ಎಂದು ಬೈಲಪ್ಪನನ್ನು ಕೇಳಿದ.